ಈ ನೂಡಲ್ಸ್‌ಗೆ ಕತ್ತರಿ ಬೇಡ!

ಮಿತ್ರರೇ, ಒಳ್ಳೇ ಸೀನಿಗೆ ಕತ್ತರಿ ಬಿದ್ದರೆ ನಾವು ಥಿಯೇಟರಿನಲ್ಲಿ ಕುರ್ಚಿ ಬಡಿದು ಕೂಗ್ತೀವಿ. ನಾನೂ ಕೂಗಿದವನೇ. ಆದರೆ ನಾನೇ ಒಮ್ಮೆ ಕತ್ತರಿ ಹಾಕಿ ಒಬ್ಬ ತಂದೆಯ ಮನಸ್ಸು ನೋಯಿಸಿದ್ದೆ. ಅದನ್ನು ಈ ವಾರ ಹೇಳಿಬಿಡ್ತೀನಿ.

1994ರ ಮಾತು. ಹೀರೋ ಆಗಬೇಕೂಂತ ಗಾಂಧಿನಗರ ಸುತ್ತಿ ಚಪ್ಪಲಿ ಸವೆಸಿದವನು ಕೊನೆಗೆ ಸೇರಿದ್ದು ದುಬೈನ ಒಂದು ಹೋಟೆಲಿನ ಅಡುಗೆಮನೆ. ಈರುಳ್ಳಿ ಹೆಚ್ಚೋ ಪಾತ್ರ. ಡೈಲಾಗ್ ಇಲ್ಲ, ಕಣ್ಣೀರು ಮಾತ್ರ ಧಾರಾಳ! ನನ್ನ ರೂಮಿನಲ್ಲಿದ್ದವನು ಫಿಲಿಪೈನ್ಸ್‌ನ ಕುಕ್. ಅವನೂ ಸಿನಿಮಾ ಹುಚ್ಚ. ನಾನು ಅಣ್ಣಾವ್ರ ವಿಷಯ ತೆಗೆದರೆ ಅವನು ಅವರ ಕಡೆಯ ನಿರ್ದೇಶಕ ಲೀನೋ ಬ್ರೋಕಾ ಹೆಸರು ಎತ್ತೋನು. ಬ್ರೋಕಾನ 1975ರ ಚಿತ್ರದಲ್ಲಿ ಬೆಸ್ತರ ಹುಡುಗನೊಬ್ಬ ಪ್ರೇಯಸಿಯನ್ನು ಹುಡುಕಿಕೊಂಡು ಮನಿಲಾಕ್ಕೆ ಬಂದು ಕಟ್ಟಡದ ಕೂಲಿಯಾಗ್ತಾನೆ. "ಪ್ರೇಯಸಿ ಒಬ್ಬಳನ್ನು ಬಿಟ್ಟರೆ ಅದು ನನ್ನ ಕಥೆನೇ" ಅಂತ ನಗೋನು.

ಒಂದು ರಾತ್ರಿ ಡ್ಯೂಟಿ ಮುಗಿಸಿ ಬಂದವನೇ ಪಾನ್ಸಿತ್ ಮಾಡಲು ನಿಂತ. ಚೀನಾದ ವ್ಯಾಪಾರಿಗಳು ಫಿಲಿಪೈನ್ಸ್‌ಗೆ ಕೊಟ್ಟ ನೂಡಲ್ಸ್ ಇದು. ಮಲ್ಟಿಸ್ಟಾರ್ ಪಿಕ್ಚರ್ ಅನ್ನಿ. ಎಲ್ಲರಿಗೂ ಬೇರೆ ಬೇರೆ ಎಂಟ್ರಿ! ಮೊದಲು ಸಿಗಡಿಯ ತಲೆ, ಸಿಪ್ಪೆ ಕುದಿಸಿ ಎರಡು ಲೋಟ ಸಾರು ತೆಗೆದ. ಎಣ್ಣೆಗೆ ಬೆಳ್ಳುಳ್ಳಿ, ಈರುಳ್ಳಿ. ಆಮೇಲೆ ತೆಳ್ಳಗೆ ಸೀಳಿದ ಕೋಳಿ. ಅವರೂರಲ್ಲಾದರೆ ಹಂದಿಮಾಂಸವೂ ಇರುತ್ತೆ. ಸಿಗಡಿಗೆ ಎರಡೇ ನಿಮಿಷ. ಕೆಂಪಗಾಗಿ ಸುರುಳಿ ಸುತ್ತಿಕೊಂಡರೆ ಸಾಕು, ಹೆಚ್ಚಾದರೆ ರಬ್ಬರ್. ಕ್ಯಾರೆಟ್, ಬೀನ್ಸ್, ಎಲೆಕೋಸು ಅರೆಬೆಂದಾಗಲೇ ಎಲ್ಲವನ್ನೂ ತೆಗೆದು ತಟ್ಟೆಯಲ್ಲಿಟ್ಟ. ಖಾಲಿ ಬಾಣಲೆಗೆ ಸಾರು, ಮೂರು ಚಮಚ ಸೋಯಾ ಸಾಸ್, ಮೆಣಸಿನಪುಡಿ.

"ನೂಡಲ್ಸ್ ಹಾಕು" ಅಂದ. ಬಾಣಲೆ ಚಿಕ್ಕದು, ನೂಡಲ್ಸ್ ಉದ್ದ. ನಾನು ಜಾಣ! ಎರಡೂ ಕೈಲಿ ಹಿಡಿದು ಲಟಕ್ಕನೆ ಮುರಿದುಬಿಟ್ಟೆ.

ಅವನು ಬೈಯಲಿಲ್ಲ. ಸ್ಟವ್ ಆರಿಸಿ ಸುಮ್ಮನೆ ಮಂಚದ ಮೇಲೆ ಕೂತ. ಎಷ್ಟೋ ಹೊತ್ತಾದ ಮೇಲೆ ಬಾಯಿ ಬಿಟ್ಟ. ಅವತ್ತು ಅವನ ಮಗನಿಗೆ ಐದು ತುಂಬಿತ್ತು. ಆ ಮಗುವನ್ನು ಅವನು ನೋಡಿದ್ದು ಎರಡೇ ಸಲ. ಹುಟ್ಟಿದಹಬ್ಬಕ್ಕೆ ಅವರಲ್ಲಿ ಪಾನ್ಸಿತ್ ಆಗಲೇಬೇಕು. ಎಳೆ ಉದ್ದವಿದ್ದಷ್ಟೂ ಆಯುಸ್ಸು ಉದ್ದ. ಅದನ್ನು ಮುರಿಯೋ ಹಾಗಿಲ್ಲ. ಮಗ ಎಲ್ಲೋ, ಅಪ್ಪ ಎಲ್ಲೋ... ಅಪ್ಪ ಮಾಡಬಹುದಾಗಿದ್ದು ಅದೊಂದೇ. ಅದನ್ನೂ ನಾನು ತುಂಡು ಮಾಡಿದ್ದೆ.

ನಂಬಿಕೆನೋ ಮೂಢನಂಬಿಕೆನೋ, ಆ ಮುಖ ನೋಡಿದ ಮೇಲೆ ನನಗೆ ವಾದ ಬೇಕಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಎರಡು ಅಂಗಡಿ ಬಾಗಿಲು ಹಾಕಿತ್ತು. ಮೂರನೆಯವನು ಷಟರ್ ಎಳೀತಿದ್ದ. ಕೈಮುಗಿದು ಒಂದು ಪ್ಯಾಕೆಟ್ ತಂದೆ. ಪುಣ್ಯಕ್ಕೆ ಕೋಳಿ, ಸಿಗಡಿ, ತರಕಾರಿ ಎಲ್ಲಾ ತಟ್ಟೆಯಲ್ಲಿ ಬೇರೆಯಾಗಿದ್ದವು, ಕೆಟ್ಟಿರಲಿಲ್ಲ. ಈ ಅಡುಗೆಯಲ್ಲಿ ರೀಟೇಕ್‌ಗೆ ಅವಕಾಶ ಉಂಟು ಸ್ವಾಮಿ!

ಅವನೇ ತೋರಿಸಿಕೊಟ್ಟ. ಕುದಿಯೋ ಸಾರಿಗೆ ನೂಡಲ್ಸಿನ ಒಂದು ತುದಿ ಇಳಿಸಿ ಕಾದ. ಅದು ಮೆತ್ತಗಾಗಿ ತಾನೇ ಬಗ್ಗಿತು. ಮಿಕ್ಕಿದ್ದು ಹಿಂದೆಯೇ ಇಳಿಯಿತು. ಸಾರೆಲ್ಲ ಹೀರಿದ ಮೇಲೆ ತಟ್ಟೆಯಲ್ಲಿದ್ದದ್ದನ್ನು ಸುರಿದು ಒಂದೆರಡು ಸಲ ತಿರುವಿದ. ಮೇಲೆ ನಿಂಬೆರಸ. ರಾತ್ರಿ ಒಂದು ಗಂಟೆಗೆ, ಕಾಣದ ಹುಡುಗನೊಬ್ಬನ ಆಯುಸ್ಸಿಗಾಗಿ, ಒಂದೆಳೆಯೂ ಕಡಿಯದ ಹಾಗೆ ಸೊರ್ ಸೊರ್ ಅಂತ ಎಳೆದು ತಿಂದೆವು. ಮುರಿದದ್ದನ್ನು ಮಾರನೇ ದಿನ ಸೂಪು ಮಾಡಿಕೊಂಡೆವು.

ಈಗ ನನ್ನ ಮಗಳ ಹುಟ್ಟಿದಹಬ್ಬಕ್ಕೆ ನಮ್ಮನೇಲೂ ಪಾನ್ಸಿತ್. ಊರು ಬಿಟ್ಟು ರೂಮಿನಲ್ಲಿರೋ ತಮ್ಮಂದಿರೇ, ಭಾನುವಾರ ನೀವೂ ಮಾಡಿ ನೋಡಿ. ಬಾಣಲೆ ಚಿಕ್ಕದಾದರೆ ಚಿಂತೆಯಿಲ್ಲ. ಸ್ವಲ್ಪ ಕಾಯಿರಿ, ಅದೇ ಬಗ್ಗುತ್ತೆ. ಮುರೀಬೇಡಿ.

ಬರ್ತೀನಿ, ಮುಂದಿನ ವಾರ ಸಿಗೋಣ.