ಉರಿಯುವ ಕಣ್ಣಿಗೆ ಹಳೆಯ ಬಾಟಲಿ ಬೇಡ

ನಿಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಒಮ್ಮೆ ಹುಡುಕಿ ನೋಡಿ. ಯಾರಿಗೋ ಕಣ್ಣು ಕೆಂಪಾದಾಗ ತಂದ, ಅರ್ಧ ಖಾಲಿಯಾದ ಡ್ರಾಪ್ಸ್ ಬಾಟಲಿಯೊಂದು ಸಿಗಬಹುದು. ಅಜ್ಜಿಗೆ ಕಣ್ಣುರಿ ಎಂದರೂ ಅದೇ, ಮೊಬೈಲ್ ನೋಡಿ ಮಗನ ಕಣ್ಣು ಕೆಂಪಾದರೂ ಅದೇ. ಈ ಅಭ್ಯಾಸವನ್ನು ನಾವು ಬಿಡಲೇಬೇಕು.

ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚುವುದು, ಉರಿ, ಓದುತ್ತಿದ್ದಂತೆ ಅಕ್ಷರ ಮಂಜಾಗಿ ರೆಪ್ಪೆ ಮಿಟುಕಿಸಿದಾಗ ಸ್ಪಷ್ಟವಾಗುವುದು, ಇವೆಲ್ಲ ಕಣ್ಣು ಒಣಗುವುದರ ಲಕ್ಷಣಗಳಾಗಿರಬಹುದು. ಕೆಲವರಿಗೆ ಇದೇ ಕಾರಣಕ್ಕೆ ಕಣ್ಣಿಂದ ನೀರು ಸುರಿಯುತ್ತದೆ. ಆಶ್ಚರ್ಯಪಡಬೇಡಿ. ಕಣ್ಣೀರಿನ ಮೇಲೆ ಎಣ್ಣೆಯ ತೆಳು ಪದರವೊಂದಿದೆ. ರೆಪ್ಪೆಯಂಚಿನ ಗ್ರಂಥಿಗಳು ಅದನ್ನು ಒದಗಿಸುತ್ತವೆ. ಆ ಎಣ್ಣೆ ಕಡಿಮೆಯಾದರೆ ಕಣ್ಣೀರು ಬೇಗ ಆರುತ್ತದೆ. ಆಗ ಕಣ್ಣು ಕೆರಳಿ ಮತ್ತಷ್ಟು ನೀರು ಸುರಿಸುತ್ತದೆ.

ಕಾರಣಗಳು ಹಲವು. ಮೊಬೈಲ್, ಕಂಪ್ಯೂಟರ್ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದೇ ಕಡಿಮೆ. ಗಲ್ಫ್‌ನಲ್ಲಿ ದಿನವಿಡೀ ಎ.ಸಿ.ಯಲ್ಲಿ ದುಡಿಯುವವರಿಗೆ ಒಣಗಾಳಿಯ ಕಾಟ. ಮುಟ್ಟು ನಿಂತ ಮಹಿಳೆಯರಲ್ಲಿ, ಮಧುಮೇಹ ಅಥವಾ ಸಂಧಿವಾತ ಇರುವವರಲ್ಲಿ ಈ ತೊಂದರೆ ಹೆಚ್ಚು. ಅಲರ್ಜಿಯ ಕೆಲವು ಮಾತ್ರೆಗಳೂ ಕಣ್ಣನ್ನು ಒಣಗಿಸುತ್ತವೆ. ಕಾರಣ ತಿಳಿಯದೆ ಔಷಧ ಹಾಕಿದರೆ ಫಲವೇನು?

ಫಲವಿಲ್ಲದಿದ್ದರೆ ಹೋಗಲಿ, ಅಪಾಯವೂ ಇದೆ. ಆ ಹಳೆಯ ಬಾಟಲಿಯಲ್ಲಿ ಸ್ಟೀರಾಯ್ಡ್ ಇದ್ದರೆ ಮೊದಲೆರಡು ದಿನ ಹಾಯೆನಿಸುತ್ತದೆ. ವೈದ್ಯರ ನಿಗಾ ಇಲ್ಲದೆ ವಾರಗಟ್ಟಲೆ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳಿ ಬಾರದು.

ಸುರ್ಮಾದ ಬಗ್ಗೆಯೂ ಒಂದು ಮಾತು. ಪ್ರವಾದಿಯವರು(ಸ) ಇಸ್ಮಿದ್ ಎಂಬ ಸುರ್ಮಾವನ್ನು ಮೆಚ್ಚಿದ್ದು ಹದೀಸ್‌ಗಳಲ್ಲಿದೆ. ಆದರೆ ಇಂದು ಆ ಹೆಸರಿನಲ್ಲಿ ಮಾರುವ ಪುಡಿಗಳಲ್ಲಿ ಸೀಸ ಇರುವುದು ಅನೇಕ ದೇಶಗಳ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಸೀಸ ಮಕ್ಕಳ ಮೆದುಳಿಗೆ ವಿಷ. ಒಣಗಿದ ಕಣ್ಣಿಗೆ ಪುಡಿ ಬೀಳುವುದೂ ಒಳ್ಳೆಯದಲ್ಲ. ಬೇಡವೆನ್ನುವುದು ಸುನ್ನತ್ತಿಗಲ್ಲ, ಕಲಬೆರಕೆಗೆ.

ಹಾಗಾದರೆ ಮಾಡಬೇಕಾದುದೇನು? ಹದ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಐದರಿಂದ ಹತ್ತು ನಿಮಿಷ ಇಡಿ. ಬಟ್ಟೆ ತಣ್ಣಗಾದಂತೆ ಮತ್ತೆ ಅದ್ದಿ. ಬಳಿಕ ರೆಪ್ಪೆಯಂಚನ್ನು ಮೃದುವಾಗಿ ಒರೆಸಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ, ರೆಪ್ಪೆಯನ್ನು ಪೂರ್ತಿ ಮುಚ್ಚಿ ತೆರೆಯಿರಿ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಳದಿರಲಿ. ಕೃತಕ ಕಣ್ಣೀರಿನ ಡ್ರಾಪ್ಸ್ ದಿನಕ್ಕೆ ನಾಲ್ಕಾರು ಸಲಕ್ಕಿಂತ ಹೆಚ್ಚು ಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ ಪಡೆಯಿರಿ. ಬಾಟಲಿ ತೆರೆದ ದಿನವನ್ನು ಅದರ ಮೇಲೆಯೇ ಬರೆದಿಡಿ. ಚೀಟಿಯಲ್ಲಿ ಹೇಳಿದ ಅವಧಿ, ಸಾಮಾನ್ಯವಾಗಿ ಒಂದು ತಿಂಗಳು, ಮುಗಿದರೆ ಎಸೆಯಿರಿ. ಒಬ್ಬರ ಬಾಟಲಿ ಇನ್ನೊಬ್ಬರಿಗೆ ಬೇಡ.

ರಮಝಾನಿನಲ್ಲಿ ಉಪವಾಸ ಮುರಿಯುವುದೆಂದು ಹೆದರಿ ಡ್ರಾಪ್ಸ್ ನಿಲ್ಲಿಸುವವರಿದ್ದಾರೆ. ಕಣ್ಣಿನ ಹನಿಗಳಿಂದ ಉಪವಾಸ ಮುರಿಯುವುದಿಲ್ಲ, ಗಂಟಲಿಗಿಳಿದದ್ದನ್ನು ನುಂಗದಿದ್ದರಾಯಿತು ಎಂದು ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 1997ರಲ್ಲಿ ನಿರ್ಣಯಿಸಿದೆ. ಸಂಶಯವಿದ್ದರೆ ನಿಮ್ಮ ಉಸ್ತಾದರನ್ನು ಕೇಳಿ. ಕೇಳದೆಯೇ ಚಿಕಿತ್ಸೆ ನಿಲ್ಲಿಸಬೇಡಿ.

ತೀವ್ರ ನೋವು, ಬೆಳಕು ಸಹಿಸಲಾಗದಿರುವುದು, ಕೀವು, ದಿಢೀರನೆ ದೃಷ್ಟಿ ಮಸುಕಾಗುವುದು, ಇವುಗಳಲ್ಲಿ ಯಾವುದು ಕಂಡರೂ ಅಂದೇ ಕಣ್ಣಿನ ವೈದ್ಯರ ಬಳಿ ಹೋಗಿ.

ಕಣ್ಣು ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್ತು. ಈ ಪುಟ ಮಡಚಿಟ್ಟು, ಮೊದಲು ಆ ಹಳೆಯ ಬಾಟಲಿಯನ್ನು ಕಸಕ್ಕೆ ಹಾಕಿ ಬನ್ನಿ.