ದೋಣಿಗೆ ವಾರ್ನಿಶ್ ಬೇಡ, ನೀರು ಬೇಕು

(1/7)
ಈ ಫೋಟೋದಲ್ಲಿರೋದು ನಮ್ಮಜ್ಜನ ದೋಣಿ. ಉದ್ದ 16 ಅಡಿ, ಹೆಬ್ಬಲಸಿನ ಹಲಗೆ, 1978ರಲ್ಲಿ ಮಾಡಿಸಿದ್ದು. ಕಳಸದಲ್ಲಿ ಭದ್ರಾ ದಂಡೆಗಿರುವ ನಮ್ಮ ತೋಟದ ಹಲಸಿನ ಮರದಡಿ ಆರು ವರ್ಷದಿಂದ ಅಂಗಾತ ಬಿದ್ದಿತ್ತು. ಒಳಗೆ ತರಗೆಲೆ, ಮಳೆನೀರು, ಒಂದು ಕಪ್ಪೆ ಸಂಸಾರ.

ನವೆಂಬರ್‌ನಲ್ಲಿ ಇದನ್ನೇ ಸ್ಟೋರಿಗೆ ಹಾಕಿದ್ದೆ. ನೆನಪಿದೆಯಾ ನೀವೇನು ಬರೆದಿರಿ ಅಂತ? "ಸೂಪರ್ ಫ್ರೇಮ್ ಮಾರಾಯ." "ಬಿಳಿ ಪೇಂಟ್ ಹೊಡೆದು ಕಾಲೇಜ್ ಡೇಗೆ ತಾ, ಫೋಟೋ ಬೂತ್ ಮಾಡೋಣ." "ಹೋಂಸ್ಟೇಗೆ ಕೊಟ್ಟು ಫೋನ್ ತಗೋ." ಒಟ್ಟು 41 ರಿಪ್ಲೈ. "ಇದು ತೇಲುತ್ತಾ?" ಅಂತ ಒಬ್ಬರಾದರೂ ಕೇಳಿದ್ರಾ? ಇಲ್ಲ.

ದೋಣಿ ನೋಡಿ ಕೇಳಬೇಕಾದ ಮೊದಲ ಪ್ರಶ್ನೆ ಅದೇ ಅಲ್ವಾ? ಆ ಸಿಟ್ಟಿಗೇ ಈ ಸರಣಿ ಬರೀತಿದ್ದೀನಿ. ಫೋಟೋ ಮಾತ್ರ ನೋಡಿ ಸ್ವೈಪ್ ಮಾಡೋರು ಮಾಡಿ, ಬೇಜಾರಿಲ್ಲ. ಓದೋರು ಪೂರ್ತಿ ಓದಿ, ಆಮೇಲೆ ಜಗಳಕ್ಕೆ ಬನ್ನಿ.

(2/7)
ಆ ಸ್ಟೋರಿ ಹಾಕಿದ ವಾರದಲ್ಲೇ ಒಬ್ಬರು ಹೋಂಸ್ಟೇ ಮಾಲೀಕರು ಮನೆಗೆ ಬಂದರು. ಹೆಸರು ಹೇಳಲ್ಲ, ಕೆಟ್ಟವರೇನಲ್ಲ. 15,000 ರೂಪಾಯಿ ಕೊಡ್ತೀನಿ ಅಂದರು. ಅವರ ಯೋಜನೆ ಹೀಗಿತ್ತು: ದೋಣಿಯ ಮಧ್ಯಕ್ಕೆ ಗರಗಸ ಹಾಕಿ ಎರಡು ತುಂಡು ಮಾಡೋದು. ಮೂತಿ ಕಡೆಯ ಅರ್ಧವನ್ನು ನೆಟ್ಟಗೆ ನಿಲ್ಲಿಸಿ ಪುಸ್ತಕದ ಕಪಾಟು. ಉಳಿದರ್ಧ ಹೂವಿನ ಕುಂಡ. ಮೇಲೆ ಮೂರು ಕೋಟ್ ವಾರ್ನಿಶ್. "ಹಳೇ ದೋಣೀನ ಉಳಿಸಿದ ಹಾಗೂ ಆಗುತ್ತೆ" ಅಂತ ಬೇರೆ ಹೇಳಿದರು. ಅಪ್ಪ ಕಾಫಿ ಕುಡೀತಾ ಹೂಂ ಅಂತಿದ್ದರು.

ಉಳಿಸಿದ ಹಾಗೆ! ಕೋಳಿ ಕೊಯ್ದು ಗರಿಗೆಲ್ಲ ಬಣ್ಣ ಬಳಿದು, ಹಕ್ಕಿ ಸಾಕಿದ್ದೀವಿ ಅಂದ ಹಾಗೆ.

ನಿಮ್ಮನ್ನೂ ಬಿಡಲ್ಲ. 2025ರ ಜುಲೈ 14ಕ್ಕೆ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯ್ತಲ್ಲ, ಆಗ ನನ್ನ ಫೀಡ್ ತುಂಬಾ ಸಿಗಂದೂರು ಲಾಂಚಿನ ರೀಲ್ಸ್. ಕಣ್ಣೀರಿನ ಹಾಡು, ಸ್ಲೋ ಮೋಷನ್ನಿನಲ್ಲಿ ನೀರು, "ಮಿಸ್ ಯೂ ಲಾಂಚ್". ನಿಮ್ಮಲ್ಲಿ ಎಷ್ಟೋ ಜನ ಆ ಲಾಂಚ್ ಹತ್ತಿದ್ದು ಜನ್ಮದಲ್ಲಿ ಒಂದೇ ಸಲ. ಅದಕ್ಕೆ ಅಳೋದು ತಪ್ಪಲ್ಲ, ನಾನೂ ಲೈಕ್ ಒತ್ತಿದ್ದೆ. ಆದರೆ ಅಲ್ಲಿಯ ಲಾಂಚಿಗೆ ಅಳೋ ನಾವು ನಮ್ಮ ಹೊಳೆಯ ದೋಣಿಗೆ ಪೆಟೂನಿಯಾ ನೆಡೋಕೆ ಹೊರಡೋದು ಯಾವ ನ್ಯಾಯ?

(3/7)
"ಸೇತುವೆ ಇರುವಾಗ ದೋಣಿ ಯಾಕೆ?" ಇದು ನನ್ನ ಬೆಂಚ್‌ಮೇಟ್ ಕೇಳಿದ್ದು. ನಿಮ್ಮೆಲ್ಲರ ಪ್ರಶ್ನೆಗಳಲ್ಲಿ ಇದೊಂದೇ ಗಟ್ಟಿ ಪ್ರಶ್ನೆ. ಹಾಗಾಗಿ ಸರಿಯಾಗಿ ಉತ್ತರ ಕೊಡ್ತೀನಿ.

ಮೊದಲು ಒಪ್ಪಿಕೊಳ್ಳೋದನ್ನ ಒಪ್ಪಿಕೊಂಡುಬಿಡ್ತೀನಿ. ಮಳೆಗಾಲದ ಭದ್ರೆಗೆ ದೋಣಿ ಉತ್ತರ ಅಲ್ಲ. 2019ರ ಆಗಸ್ಟ್ ನೋಡಿದವರಿಗೆ ಹೇಳಬೇಕಾಗಿಲ್ಲ. ಹೆಬ್ಬಾಳೆ ಸೇತುವೆ ನೀರಿನಡಿ ಹೋಗಿ ಹೊರನಾಡು ರಸ್ತೆ ಕಾಣದ ಹಾಗಾಗಿತ್ತು. ಅಂಥ ಕೆಂಪು ನೀರಿಗೆ ದೋಣಿ ಇಳಿಸೋದು ಧೈರ್ಯ ಅಲ್ಲ, ಹುಚ್ಚು. ನಮ್ಮಜ್ಜ ಜೂನ್ ಬಂತು ಅಂದರೆ ದೋಣೀನ ಮೇಲೆ ಎಳೆದು ಕವುಚಿ ಹಾಕಿಬಿಡೋರು. ಆಮೇಲೆ ನೀರು ತಿಳಿಯಾಗೋ ತನಕ ಮುಟ್ಟುತ್ತಿರಲಿಲ್ಲ. ಮಳೆಗಾಲದಲ್ಲಿ ದಾಟೋಕೆ ಎತ್ತರದ ಸೇತುವೆನೇ ಬೇಕು, ತೂಗುಸೇತುವೆ ಆದರೂ ಬೇಕು. ಸುಳ್ಯದ ಗಿರೀಶ್ ಭಾರದ್ವಾಜ್ ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದ್ದಕ್ಕೆ 2017ರಲ್ಲಿ ಪದ್ಮಶ್ರೀ ಬಂತು, ಅದು ಸುಮ್ಮನೆ ಬಂದಿದ್ದಲ್ಲ. ಸೇತುವೆ ವಿರುದ್ಧ ನನ್ನದೇನೂ ತಕರಾರಿಲ್ಲ.

ಆದರೆ ಭದ್ರೆ ಕಳಸವನ್ನ ಮೂರು ಕಡೆಯಿಂದ ಸುತ್ತಿಕೊಂಡು ಹರೀತಾಳೆ. ಆಚೆ ದಡದಲ್ಲಿ ನಮ್ಮದು ಒಂದೂವರೆ ಎಕರೆ ಅಡಿಕೆ ಇದೆ. ನಮ್ಮ ಒಂದೂವರೆ ಎಕರೆಗೋಸ್ಕರ ಯಾವ ಸರ್ಕಾರವೂ ಸೇತುವೆ ಕಟ್ಟಲ್ಲ, ಕಟ್ಟೋದೂ ಬೇಡ. ದೋಣೀಲಿ ಐದು ನಿಮಿಷ. ರಸ್ತೇಲಿ ಸುತ್ತಿದರೆ 9 ಕಿಲೋಮೀಟರ್, ಆಮೇಲೆ ಗದ್ದೆ ಬದು ಹಿಡಿದು ನಡಿಗೆ. ಅಡಿಕೆ ಕೊಯ್ಲಿನಲ್ಲಿ ಪಿಕಪ್‌ಗೆ ಒಂದು ಟ್ರಿಪ್ಪಿಗೆ 700 ರೂಪಾಯಿ. ಅಜ್ಜ ತೀರಿಕೊಂಡ ಮೇಲೆ ಆರು ವರ್ಷ ನಾವು ಇದನ್ನೇ ಕಟ್ಟಿದ್ದೀವಿ. ಡಿಸೆಂಬರ್‌ನಿಂದ ಮೇ ತನಕ ಮೊಣಕೈ ಅಲ್ಲಾಡಿಸಿದರೆ ದಾಟಬಹುದಾದ ಹೊಳೆಗೆ! ಬೇಸಿಗೆಯ ದೋಣಿ ಮಳೆಗಾಲದ ಸೇತುವೆಯ ಶತ್ರು ಅಲ್ಲ ಕಣ್ರೋ.

(4/7)
ಈಗ ಕೆಲಸದ ಮಾತು. ಇದು ಉದ್ದ ಇದೆ, ಚಹಾ ತಗೊಂಡು ಕೂತ್ಕೊಳ್ಳಿ.

ಕರಾವಳಿಯಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಆಚಾರ್ರು ಸಿಕ್ಕಿದರು. ವಯಸ್ಸು 76. ಬಂದವರೇ ದೋಣಿಯ ಸುತ್ತ ಒಂದು ಸುತ್ತು ಹಾಕಿ, ಸುತ್ತಿಗೆಯ ಹಿಡಿಯಿಂದ ಹಲಗೆಗೆ ಟಕ್ ಟಕ್ ಅಂತ ಬಡೀತಾ ಹೋದರು. ಗಟ್ಟಿ ಇದ್ದಲ್ಲಿ ಗಂಟೆಯ ಥರ ಸದ್ದು. ಕುಂಬಾದ ಜಾಗಕ್ಕೆ ಬಂದಾಗ ಸದ್ದೇ ಸತ್ತುಹೋಗೋದು. ಅಲ್ಲಿ ಚಾಕುವಿನ ತುದಿ ಚುಚ್ಚಿದರು, ಬೆಣ್ಣೆಗೆ ಹೋದ ಹಾಗೆ ಒಂದಿಂಚು ಒಳಗೆ. ಹೊರಗಡೆ ನೋಡೋಕೆ ಮಾತ್ರ ಆ ಜಾಗ ಎಲ್ಲಕ್ಕಿಂತ ನುಣ್ಣಗಿತ್ತು! ವಾರ್ನಿಶ್ ಹೊಡೆದಿದ್ದರೆ ಫಳಫಳ ಹೊಳೀತಿತ್ತು.

ಆಮೇಲೆ ಬೈದರು. ನನಗಲ್ಲ, ಅಪ್ಪನಿಗೆ. "ಅಂಗಾತ ಇಟ್ಟಿದ್ದೀರಲ್ಲ ಮಾರಾಯ್ರೆ, ಇದೇನು ಬಾನಿಯಾ?" ಉಪ್ಪುನೀರು ಮರವನ್ನ ಒಂದು ಮಟ್ಟಿಗೆ ಕಾಯುತ್ತಂತೆ, ಉಪ್ಪಿನಕಾಯಿ ಕೆಡದ ಹಾಗೆ. ಕೊಲ್ಲೋದು ಸಿಹಿನೀರು, ಅದರಲ್ಲೂ ಒಳಗೆ ನಿಂತ ಮಳೆನೀರು. ನಮ್ಮ ಮಲೆನಾಡಿನ ಮಳೆ ಗೊತ್ತಲ್ಲ. ದೋಣಿ ಹೊಳೇಲಿ ಓಡಾಡಿ ಹಾಳಾಗಿದ್ದಲ್ಲ, ಮರದಡಿ ಸುಮ್ಮನೆ ಬಿದ್ದು ಹಾಳಾಗಿದ್ದು. ನಾಲ್ಕು ಕಲ್ಲಿಟ್ಟು ಕವುಚಿ ಹಾಕಿ, ಅಡಿಯಲ್ಲಿ ಗಾಳಿ ಆಡೋಕೆ ಬಿಟ್ಟಿದ್ದರೆ ಇಷ್ಟು ಕೆಲಸವೇ ಇರುತ್ತಿರಲಿಲ್ಲ. ಅದಕ್ಕೆ ಖರ್ಚು ಸೊನ್ನೆ.

ತಳದ ಎರಡು ಹಲಗೆ, ಒಳಗಿನ ಒಂದು ಅಡ್ಡಮರ ಹೋಗಿತ್ತು. ಹೆಬ್ಬಲಸು ಎಲ್ಲಿಂದ ತರೋದು? ಪಕ್ಕದಲ್ಲೇ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಕಾಡಿನಿಂದ ಒಂದು ಕೊಂಬೆ ತರುವಂತಿಲ್ಲ, ತರಲೂಬಾರದು. ಊರಲ್ಲಿ ಒಂದು ಹಳೇ ಮನೆ ಕೀಳ್ತಿದ್ದರು. ಅಟ್ಟದ ಹಲಗೆ ಹೆಬ್ಬಲಸಿನದೇ, ನನ್ನಪ್ಪನಿಗಿಂತ ಹಳೇದು, ಒಂದು ಹುಳ ಇಲ್ಲ. ಅದನ್ನ ಸೌದೆಗೆ ಹಾಕೋದರಲ್ಲಿದ್ದರು. ನಾವು ಹೊತ್ತುಕೊಂಡು ಬಂದ್ವಿ.

(5/7)
ನನ್ನದೊಂದು ದಡ್ಡತನ ಹೇಳ್ತೀನಿ. ಹಲಗೆ ಹಾಕಿದ ಮೇಲೂ ಸಂದುಗಳಲ್ಲಿ ಬೆಳಕು ಕಾಣ್ತಿತ್ತು. ಬೆರಳಿನ ಉಗುರು ಹೋಗುವಷ್ಟು ಸಂದು. ನಾನು ಯೂಟ್ಯೂಬ್ ನೋಡಿ ಎಪಾಕ್ಸಿ ತಂದು ತುಂಬೋಣ, ಮೇಲೆ ಫೈಬರ್ ಹೊದಿಸೋಣ, ಒಂದೇ ದಿನದ ಕೆಲಸ ಅಂದೆ. ಆಚಾರ್ರು ನಕ್ಕು, "ನೀರಿಗೆ ಬಿಟ್ಟ ಮೇಲೆ ಮರ ಊದುತ್ತೆ, ಆಗ ನಿನ್ನ ಗಟ್ಟಿ ಅಂಟು ಎಲ್ಲಿಗೆ ಹೋಗಬೇಕು?" ಅಂತ ಕೇಳಿದರು.

ತಲೆಗೆ ಹೊಳೆದಿದ್ದು ಆಗಲೇ. ಒಣಗಿದ ಹಲಗೆ ಕುಗ್ಗಿರುತ್ತೆ. ನೆನೆದಾಗ ಹಿಗ್ಗಿ ಒಂದಕ್ಕೊಂದು ಒತ್ತಿಕೊಂಡು ತಾನೇ ಸಂದು ಮುಚ್ಚುತ್ತೆ. ಒಣಗಿದ್ದಾಗಲೇ ಗಟ್ಟಿಯಾದ್ದನ್ನ ಒತ್ತಿ ತುಂಬಿಬಿಟ್ಟರೆ, ಹಿಗ್ಗೋಕೆ ಜಾಗ ಇಲ್ಲದೆ ಹಲಗೆ ಮೊಳೆಯನ್ನೇ ಕಿತ್ತುಕೊಂಡು ಬರುತ್ತೆ. ಮೇಲೆ ಫೈಬರ್ ಹೊದಿಸಿದರೆ ಒಳಗಿನ ತೇವಕ್ಕೆ ಹೊರಗೆ ಬರೋ ದಾರಿ ಇಲ್ಲ, ಒಳಗೊಳಗೇ ಕುಂಬು. ಹೊರಗೆ ಹೊಸಾ ದೋಣಿ, ಒಳಗೆ ಗೊಬ್ಬರ.

ಹಾಗಾಗಿ ಹತ್ತಿ ತುಂಬಿದ್ವಿ. ಅಜ್ಜಿ ದೇವರ ದೀಪಕ್ಕೆ ಬತ್ತಿ ಹೊಸೆಯೋ ಹಾಗೆ ಕೂತು ಮೊಳಗಟ್ಟಲೆ ಹೊಸೆದು ಕೊಟ್ಟರು. ಎರಡು ಸಂಜೆ ಅದೇ ಕೆಲಸ, ಟಿವಿ ನೋಡ್ತಾ. ಅದನ್ನ ರಾಳ ಬೆರೆಸಿದ ಎಣ್ಣೆಯಲ್ಲಿ ಅದ್ದಿ, ಮೊಂಡು ಉಳಿಯಿಂದ ಸಂದಿಗೆ ಹದವಾಗಿ ಕೂರಿಸೋದು. ಹದ ಅಂದರೆ ಎಷ್ಟು ಅಂತ ಕೇಳಬೇಡಿ, ಬರವಣಿಗೇಲಿ ಹೇಳೋಕೆ ಬರಲ್ಲ. ಆಚಾರ್ರು ನನ್ನ ಮಣಿಕಟ್ಟು ಹಿಡಿದುಕೊಂಡು ಹೊಡೆಸಿದರು. ಸಡಿಲ ಆದರೆ "ಊಹೂಂ", ಜಾಸ್ತಿ ಆದರೆ ತಲೆಗೊಂದು ಮೊಟಕು. ಮೂರನೇ ದಿನಕ್ಕೆ ಕೈಗೆ ಗೊತ್ತಾಯ್ತು.

ಮೊಳೆ ವಿಷಯದಲ್ಲೂ ಪಾಠ ಆಯ್ತು. ಯಾವಾಗಲೋ ರಿಪೇರಿಗೆ ಹೊಡೆದಿದ್ದ ಸಾದಾ ಕಬ್ಬಿಣದ ಮೊಳೆಗಳ ಸುತ್ತಲೇ ಮರ ಕಪ್ಪಾಗಿ ಪುಡಿಯಾಗಿತ್ತು. ತುಕ್ಕು ಉಬ್ಬಿ ಹಲಗೆ ಸೀಳುತ್ತೆ. ಈಗ ಹಾಕಿದ್ದು ಜಿಐ ಬೋಲ್ಟು. ನಮ್ಮ ಪಡುವಣ ಕರಾವಳಿಯಲ್ಲಿ ಹಿಂದೆ ಮೊಳೆಯೇ ಇಲ್ಲದೆ ತೆಂಗಿನ ನಾರಿನ ಹಗ್ಗದಲ್ಲಿ ಹಲಗೆ ಹೊಲೀತಿದ್ದರು. ಕಟ್ಟುಕಥೆ ಅನ್ನಬೇಡಿ. ಅದೇ ರೀತಿ ಹೊಲಿದ ಐಎನ್‌ಎಸ್‌ವಿ ಕೌಂಡಿನ್ಯ ಅನ್ನೋ ಹಡಗು 2025ರ ಮೇ 21ಕ್ಕೆ ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಅಜಂತಾದ ಚಿತ್ರ ನೋಡಿ ಕಟ್ಟಿದ್ದು, ಆದರೆ ಕೆಲಸ ಗೊತ್ತಿರೋ ಕೈ ಉಳಿದಿದ್ದಕ್ಕೇ ಕಟ್ಟೋಕಾಯ್ತು. ಕಪಾಟು ಮಾಡಿದ ದೋಣಿಯಿಂದ ಯಾರಿಗೆ ಏನು ಕಲಿಸೋಕಾಗುತ್ತೆ?

ಕೊನೆಗೆ ಗೇರು ಎಣ್ಣೆ, ಗೇರುಬೀಜದ ಸಿಪ್ಪೆಯಿಂದ ತೆಗೆಯೋದು. ಹುಳ ಹತ್ತಿರ ಬರಲ್ಲ. ನಾವೂ ಬರಬಾರದು: ಗ್ಲೌಸ್ ಹಾಕದೆ ಬಳಿದ ನನ್ನ ಫ್ರೆಂಡ್‌ಗೆ ಅಂಗೈ ತುಂಬಾ ಬೊಬ್ಬೆ, ಒಂದು ವಾರ ಊಟ ಚಮಚದಲ್ಲಿ. ಯಾರು ಅಂತ ನಿಮಗೆ ಗೊತ್ತು, ಕಾಮೆಂಟಲ್ಲಿ ಟ್ಯಾಗ್ ಮಾಡಬೇಡಿ.

(6/7)
ದುಡ್ಡಿನ ಲೆಕ್ಕ. "ಇದೆಲ್ಲ ದುಡ್ಡಿದ್ದವರ ಶೋಕಿ" ಅಂದಿದ್ದವರು ಕಣ್ಣು ದೊಡ್ಡ ಮಾಡಿ ಓದಿ. ಅಟ್ಟದ ಹಲಗೆಗೆ 3,500. ಆಚಾರ್ರಿಗೆ ದಿನಕ್ಕೆ 1,200ರಂತೆ ಐದು ದಿನ, 6,000. ಬೋಲ್ಟಿಗೆ 900. ಹತ್ತಿ, ರಾಳ 450. ಗೇರು ಎಣ್ಣೆ 500. ಹಲಗೆ ತಂದ ಆಟೋ, ಮಧ್ಯೆ ಬನ್ಸು, ಚಹಾ ಸೇರಿ 650. ಒಟ್ಟು 12,000. ಕೆರೆಯೋದು, ಉಜ್ಜೋದು, ಹೊರೋದು ನಾವೇ ಮಾಡಿದ್ದು, ಅದಕ್ಕೆ ಬೆಲೆ ಹಾಕಿಲ್ಲ. ಅಪ್ಪ ವಿಚಾರಿಸಿದಾಗ ಇದೇ ಅಳತೆಯ ಹೊಸ ಫೈಬರ್ ದೋಣಿಗೆ 60,000 ಅಂದಿದ್ದರು.

ಪಿಕಪ್ ಬಾಡಿಗೆ ಹದಿನೆಂಟು ಟ್ರಿಪ್ಪು ಉಳಿದರೆ ದೋಣಿಯ ಖರ್ಚು ವಾಪಸ್. ಈ ಕೊಯ್ಲಿನಲ್ಲೇ ಹನ್ನೊಂದು ಉಳಿಯಿತು.

ಫೈಬರ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ದಿನಾ ಕಡಲಿಗೆ ಹೋಗಿ ಹೊಟ್ಟೆ ಹೊರೆಯೋ ಮೀನುಗಾರರು ಫೈಬರ್ ತಗೊಂಡರೆ ಅವರಿಗೆ ಬುದ್ಧಿ ಹೇಳೋಕೆ ನಾನ್ಯಾರು? ಹಗುರ, ವರ್ಷಾ ವರ್ಷಾ ಎಣ್ಣೆ ಬೇಡ. ಹೊಸ ದೋಣಿ ಬೇಕಾದಾಗ ಯೋಚನೆ ಮಾಡೋಣ. ಆದರೆ ಮುಕ್ಕಾಲು ಭಾಗ ಗಟ್ಟಿ ಇರೋ ದೋಣಿ ಅಂಗಳದಲ್ಲೇ ಇರುವಾಗ "ಮರದ್ದು ಹಳೇದಾಯ್ತು" ಅಂತ ಕೈ ತೊಳೆದುಕೊಳ್ಳೋದಿದೆಯಲ್ಲ, ನನ್ನ ಜಗಳ ಅದರ ಜೊತೆ.

ಇನ್ನೊಂದು ಖರ್ಚು ಲೆಕ್ಕದಿಂದ ಹೊರಗಿಟ್ಟಿದ್ದೆ, ಲೈಫ್ ಜಾಕೆಟ್. ಮೂರು ತಗೊಂಡ್ವಿ. ಅಜ್ಜನ ಕಾಲದಲ್ಲಿ ಇರಲಿಲ್ಲ, ಈಜು ಬರ್ತಿತ್ತು ಅಷ್ಟೇ. ಹಳೇದರ ಮೇಲೆ ಪ್ರೀತಿ ಅಂತ ಹಳೇ ಅಜಾಗರೂಕತೆಯನ್ನೂ ಉಳಿಸಬೇಕಾಗಿಲ್ಲ. ರೀಲ್‌ಗೋಸ್ಕರ ಜಾಕೆಟ್ ಬಿಚ್ಚಿ ಮೂತಿ ಮೇಲೆ ನಿಲ್ತೀನಿ ಅನ್ನೋರು ದಡದಲ್ಲೇ ಇರಿ, ಹತ್ತಿಸಲ್ಲ.

(7/7)
ಕೊನೇ ಫೋಟೋ ನೋಡಿ ಗಾಬರಿ ಆಗಬೇಡಿ. ದೋಣಿ ಮುಳುಗಿಲ್ಲ, ನಾವೇ ಮುಳುಗಿಸಿದ್ದು. ಮೊಣಕಾಲುದ್ದ ನೀರಿನಲ್ಲಿ ಕಲ್ಲು ಹೇರಿ ಮೂರು ದಿನ ಬಿಟ್ಟಿದ್ವಿ, ಹಲಗೆ ಕುಡೀಲಿ ಅಂತ. ಮೊದಲ ದಿನ ಜರಡಿ ಥರ ಸೋರಿದ್ದು ನಾಲ್ಕನೇ ದಿನ ನೀರು ಎತ್ತಿ ಹಾಕಿ ನೋಡಿದರೆ ಎರಡೇ ಕಡೆ ಬೆವರೋ ಹಾಗೆ ಹನಿ. ಅಪ್ಪ ಏನೂ ಮಾತಾಡಲಿಲ್ಲ. ಲುಂಗಿ ಎತ್ತಿ ಕಟ್ಟಿ, ಹತ್ತಿ ಕೂತು, ಗಳ ಕೈಗೆ ತಗೊಂಡು ಆಚೆ ದಡಕ್ಕೆ ಹೋಗಿಬಿಟ್ಟರು. ನಮ್ಮನ್ನ ಕರೀಲೂ ಇಲ್ಲ. ಬರುವಾಗ ಎರಡು ಮೂಟೆ ಅಡಿಕೆ ಇತ್ತು. ವಿಡಿಯೋ ಮಾಡೋದು ಮರೆತೇಹೋಯ್ತು. ಹಾಗಾಗಿ ಇದಕ್ಕೆ ರೀಲ್ ಇಲ್ಲ.

ಹೋಂಸ್ಟೇಯವರು ಮತ್ತೆ ಫೋನ್ ಮಾಡಿದ್ದರು, ಈಗ 25,000 ಅಂತೆ. ಅಪ್ಪ ಸ್ಪೀಕರ್ ಹಾಕಿ, ಅಡಿಕೆ ಸುಲಿಯೋ ಎಲ್ಲರಿಗೂ ಕೇಳಿಸಿ, ಇಲ್ಲ ಅಂದರು.

ಈಗ ನಿಮ್ಮ ಸರದಿ. ಕಳಸದಿಂದ ಬಾಳೆಹೊನ್ನೂರು ಕಡೆಗೆ ಹೊಳೆ ದಂಡೆ ಹಿಡಿದು ಬೈಕಿನಲ್ಲಿ ಹೋಗಿ ನಾನೇ ನಾಲ್ಕು ದೋಣಿ ನೋಡಿ ಬಂದಿದ್ದೀನಿ, ಎಲ್ಲವೂ ಅಂಗಾತ. ನಿಮ್ಮ ಅಜ್ಜನ ಮನೆ, ಅತ್ತೆ ಮನೆ, ತೋಟದ ಶೆಡ್ ಹಿಂದೆ ಇನ್ನೂ ಇರಬಹುದು. ಇವತ್ತು ಸಂಜೆ ಹೋಗಿ ಮೊದಲು ಕವುಚಿ ಹಾಕಿ, ಅಡಿಗೆ ಕಲ್ಲಿಡಿ. ಆಮೇಲೆ ಜಾಗ ಮೆಸೇಜ್ ಮಾಡಿ. ಆಚಾರ್ರು ಶಿವರಾತ್ರಿ ತನಕ ಮಗಳ ಮನೇಲೇ ಇರ್ತಾರೆ, ಆಮೇಲೆ ಗಟ್ಟ ಇಳೀತಾರೆ. ಭಾನುವಾರ ಅವರನ್ನ ಬೈಕಿನ ಹಿಂದೆ ಕೂರಿಸಿಕೊಂಡು ಬರ್ತೀನಿ. ಚಾಕು, ಸುತ್ತಿಗೆ ನಂದು. ಚಹಾ ನಿಮ್ಮದು.

#ಕಳಸ #ಭದ್ರಾಹೊಳೆ #ಅಜ್ಜನದೋಣಿ #ಇದುತೇಲುತ್ತಾ