ಪುರಭವನದ ಎದುರು ಏನಿದೆ?

ಕಾರ್ಖಾನೆಯ ಊರಿಗೆ ದೊಡ್ಡ ಪುರಭವನ ಏತಕ್ಕೆ, ಕಂದಾಯ ಕಟ್ಟಲು ಒಂದು ಕಿಟಕಿ, ದೂರು ಕೊಡಲು ಒಂದು ಮೇಜು ಸಾಲದೆ ಎಂದು ಕೇಳುವ ಮಹನೀಯರಿದ್ದಾರೆ. ಅರಮನೆಗಾಗಲಿ, ಬ್ಯಾಂಕಿನ ಕಂಬಸಾಲಿಗಾಗಲಿ, ಗಿರಣಿ ಮಾಲೀಕನ ಬಂಗಲೆಗಾಗಲಿ ಇವರು ಎಂದೂ ಲೆಕ್ಕ ಕೇಳಿದವರಲ್ಲ. ಅವರಿಗೆ ನಾವು ಫ್ರಾನ್ಸಿನ ವಿಲ್ಲೂರ್ಬಾನ್ ಪಟ್ಟಣವನ್ನು ತೋರಿಸಬಯಸುತ್ತೇವೆ.

ರೇಷ್ಮೆಗೆ ಹೆಸರಾದ ಲಿಯೋನ್ ನಗರದ ಮಗ್ಗುಲಲ್ಲೇ ಈ ಊರು. ಲಿಯೋನಿನ ನೇಕಾರರು ಕೂಲಿದರಕ್ಕಾಗಿ 1831ರಲ್ಲಿ ಬಂಡೆದ್ದು ಕೆಲವು ದಿನ ನಗರವನ್ನೇ ವಶಪಡಿಸಿಕೊಂಡಿದ್ದ ಧೀರರು. ನೂರು ವರ್ಷ ಕಳೆಯುವಷ್ಟರಲ್ಲಿ ಬಟ್ಟೆಯ, ಬಣ್ಣದ, ಯಂತ್ರಗಳ ಕಾರ್ಖಾನೆಗಳು ವಿಲ್ಲೂರ್ಬಾನಿಗೆ ಹಬ್ಬಿ, ಕೆಲಸ ಹುಡುಕಿ ಬಂದವರಿಂದ ಊರು ತುಂಬಿಹೋಯಿತು. ಮನೆಗಳು ಮಾತ್ರ ಸಾಲದಾದುವು. 1924ರಲ್ಲಿ ಅಲ್ಲಿ ಮೇಯರಾದ ಸಮಾಜವಾದಿ ಲಾಜಾರ್ ಗೂಜೋನ್ ವೃತ್ತಿಯಿಂದ ವೈದ್ಯ. ಗಾಳಿ ಬೆಳಕಿಲ್ಲದ ಕೋಣೆಯಲ್ಲಿ ಬೆಳೆಯುವ ಕ್ಷಯಕ್ಕೆ ಬರೀ ಔಷಧದ ಚೀಟಿ ಸಾಲದೆಂದು ವೈದ್ಯನಿಗೆ ಯಾರೂ ಹೇಳಿಕೊಡಬೇಕಾಗಿಲ್ಲವಷ್ಟೆ.

1934ರಲ್ಲಿ ಉದ್ಘಾಟನೆಯಾದ ಪುರಭವನದ ಶಿಲ್ಪಿ ರೊಬೆರ್ ಜಿರೂ. ನೇರ ಗೆರೆಗಳು, ಎತ್ತರದ ಕಂಬಗಳು, ಊರಿಗೆಲ್ಲ ಕಾಣುವ ಗೋಪುರ. ಕಟ್ಟಡ ಚೆನ್ನಾಗಿದೆ. ಆದರೆ ಅದರ ಎರಡು ಮಗ್ಗುಲಲ್ಲಿ ಏನಿದೆಯೆಂಬುದನ್ನು ನೋಡಿರಿ. ಒಂದು ಕಡೆ, ಚೌಕದಾಚೆ, ಮೊರಿಸ್ ಲೆರೂ ಕಟ್ಟಿದ ‘ಶ್ರಮದ ಅರಮನೆ’: ನಾಟಕಶಾಲೆ, ಈಜುಕೊಳ, ಔಷಧಾಲಯ ಎಲ್ಲವೂ ಅದರೊಳಗೆ. ಇನ್ನೊಂದು ಕಡೆ, ಬೀದಿಯ ಇಬ್ಬದಿಗೂ, ಉಕ್ಕಿನ ಚೌಕಟ್ಟಿನ ಮೇಲೆ ಎದ್ದ ಬಹುಮಹಡಿ ಮನೆಗಳ ಸಾಲು. ಬೀದಿಯ ತುದಿಯಲ್ಲಿ 19 ಅಂತಸ್ತುಗಳ ಜೋಡಿ ಗೋಪುರ. ಮೇಲೆ ವಾಸದ ಮನೆ, ಕೆಳಗೆ ಅಂಗಡಿಗಳು. ಸಣ್ಣ ವ್ಯಾಪಾರಿ ಬಂಧುಗಳು ಇದನ್ನು ಗಮನಿಸಬೇಕು: ಊರನ್ನು ಹೊಸದಾಗಿ ಕಟ್ಟಿದವರು ಅಂಗಡಿಯವನನ್ನು ಹೊರಗಟ್ಟಲಿಲ್ಲ. ಆ ಚೌಕಕ್ಕೆ ಮೊದಲು ಇಟ್ಟ ಹೆಸರು ಆಲ್ಬೆರ್ ತೋಮಾನದು, ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ನಿರ್ದೇಶಕನದು. ಸೇನಾಪತಿಯ ಹೆಸರು ಅವರಿಗೆ ಬೇಕಾಗಲಿಲ್ಲ.

ಹೊಸ ಶೈಲಿಯ ಭಕ್ತರಿಗೂ ಒಂದು ಮಾತು. ಕಾಂಕ್ರೀಟು ಮತ್ತು ಗಾಜು ಕಂಡೊಡನೆ ಪ್ರಗತಿ ಬಂದಿತೆಂದು ಕೈತಟ್ಟಬೇಡಿರಿ. ಇಟಲಿಯ ಕೋಮೋ ಪಟ್ಟಣದಲ್ಲಿ ಜ್ಯುಸೆಪ್ಪೆ ತೆರಾನಿ 1936ರಲ್ಲಿ ಮುಗಿಸಿದ ಫಾಸಿಸ್ಟ್ ಭವನ ಇದಕ್ಕಿಂತಲೂ ನವೀನ. ಗಾಜಿನ ಬಾಗಿಲುಗಳು ವಿದ್ಯುತ್ತಿನಿಂದ ಒಮ್ಮೆಗೇ ತೆರೆದುಕೊಳ್ಳುತ್ತಿದ್ದುವು! ಯಾರಿಗಾಗಿ? ಮುಸೊಲಿನಿಯ ಪಡೆ ಚೌಕಕ್ಕೆ ನುಗ್ಗುವುದಕ್ಕಾಗಿ. ಕಟ್ಟಡದ ಗೆರೆ ನೇರವಾಗಿದ್ದರೆ ಕಟ್ಟಿಸಿದವನೂ ನೇರವೆಂದಲ್ಲ.

ವಿಲ್ಲೂರ್ಬಾನಿನ ಕಹಿಯನ್ನೂ ನಾವು ಮುಚ್ಚಿಡುವುದಿಲ್ಲ. ಮನೆ ಕಟ್ಟಲು 1931ರಲ್ಲಿ ನಗರಸಭೆಯೂ ಖಾಸಗಿ ಬಂಡವಾಳವೂ ಸೇರಿದ ಒಂದು ಕಂಪೆನಿ ಹುಟ್ಟಿತು. ಸಾಲ ತಂದು ಕಟ್ಟಿದರು. ಅಷ್ಟರಲ್ಲಿ ಆರ್ಥಿಕ ಕುಸಿತ ಬಂದು ಬಡಿಯಿತು. ಸಾಲಕ್ಕೆ ಬಡ್ಡಿ ಕಟ್ಟಬೇಕಾದ ಮನೆಯ ಬಾಡಿಗೆ ಎಲ್ಲ ಕೂಲಿಕಾರರ ಕೈಗೂ ಎಟುಕುವುದೆಲ್ಲಿ ಬಂತು? ಬಿಸಿನೀರು, ಲಿಫ್ಟು, ಚಳಿಗೆ ಶಾಖ ಎಲ್ಲವೂ ಇದ್ದ ಮನೆಗಳಿಗೆ ಬಾಡಿಗೆದಾರರು ಸಾಕಷ್ಟು ಸಿಗಲಿಲ್ಲ. 1935ರ ಚುನಾವಣೆಯಲ್ಲಿ ಗೂಜೋನ್ ಸೋತ, ಗೆದ್ದವರು ಕಮ್ಯೂನಿಸ್ಟರು. ಬಂಡವಾಳಶಾಹಿ ಬಿಕ್ಕಟ್ಟಿನ ನಡುವೆ, ಬಂಡವಾಳಶಾಹಿಯ ಬಡ್ಡಿದರಕ್ಕೇ ಸಾಲ ಎತ್ತಿ ಸಮಾಜವಾದದ ಊರು ಕಟ್ಟಲು ಹೊರಟರೆ ಹೀಗೆಯೇ ಆಗುತ್ತದೆ.

ಹಾಗೆಂದು ಕಟ್ಟಿದ್ದೇ ತಪ್ಪೆನ್ನುವವರು ಮುಂದಿನ ಕತೆಯನ್ನೂ ಓದಲಿ. ಗೂಜೋನನನ್ನು ಸೋಲಿಸಿದವರು ಬಂದು ಕುಳಿತದ್ದು ಅದೇ ಪುರಭವನದಲ್ಲಿ. 1947ರಲ್ಲಿ ಊರಿನವರು ಅವನನ್ನೇ ಮತ್ತೆ ಮೇಯರನ್ನಾಗಿ ಮಾಡಿದರು. 1972ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಜನತಾ ರಂಗಭೂಮಿ ಪ್ಯಾರಿಸ್ ಬಿಟ್ಟು ನೆಲೆಯೂರಿದ್ದು ಆ ಶ್ರಮದ ಅರಮನೆಯಲ್ಲೇ. ಮನೆಗಳಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ, ಕೆಳಗಿನ ಅಂಗಡಿಗಳ ಬಾಗಿಲು ಇಂದಿಗೂ ತೆರೆಯುತ್ತವೆ, ಚೌಕಕ್ಕೆ ಈಗ ಇರುವ ಹೆಸರು ಲಾಜಾರ್ ಗೂಜೋನನದು.